ಮೋರಿಯ ದೊಡ್ಡಕ್ಕ

ಕೇಳುಗರಿಗೆ ನಮಸ್ಕಾರ.

ಬೆಳಗಾವಿಯ ಮೀನು ಮಾರ್ಕೆಟ್‌ಗೆ ಹೋಗುವವರಿಗೆ ಮೋರಿ ಗೊತ್ತು. ಗಟಾರ ಅಲ್ಲ ಮತ್ತೆ! ಗೋವಾ, ಕಾರವಾರದ ಕಡೆಯಿಂದ ಬರುವ ಸಣ್ಣ ಶಾರ್ಕ್. ಹೋದ ಭಾನುವಾರ ಮೊಮ್ಮಗನನ್ನು ಕರೆದುಕೊಂಡು ಹೋಗಿದ್ದೆ. ಮೊಳದುದ್ದದ ಮೋರಿ ನೋಡಿ ಅವನು ಎರಡು ಹೆಜ್ಜೆ ಹಿಂದೆ ಸರಿದ.

"ಅಜ್ಜಾ, ಇದು ಮನಷ್ಯಾರನ್ನ ತಿಂತೈತೇನು?"

ಮೀನು ಮಾರುವ ಮಾವಶಿ ನಕ್ಕರು. "ಇದನ್ನ ನಾವ ತಿಂತೀವಪ್ಪಾ."

ಅವನ ತಲೆಯಲ್ಲಿದ್ದದ್ದು ಟೀವಿಯ ದೊಡ್ಡ ಬಿಳಿ ಶಾರ್ಕ್. ಮೋರಿಯ ದೊಡ್ಡಕ್ಕ. ಅಕ್ಕ ಅಂತ ಸುಮ್ನೆ ಅಂದದ್ದಲ್ಲ. ಗಂಡು 12-13 ಅಡಿ ಬೆಳೆದರೆ ಹೆಣ್ಣು 15-16 ಅಡಿ. 20 ಅಡಿಯ ಹತ್ತಿರ ಹೋದವೂ ಇವೆ. ಹೆಸರು ಬಿಳಿ, ಆದರೆ ಬಿಳಿ ಇರುವುದು ಹೊಟ್ಟೆ ಮಾತ್ರ. ಬೆನ್ನು ಬೂದು.

ಸಿಕ್ಕಿದ್ದನ್ನೆಲ್ಲ ಕಚ್ಚುವ ಹುಚ್ಚು ಪ್ರಾಣಿ ಅಂದುಕೊಂಡಿದ್ದೇವೆ, ಅಲ್ವಾ? ನನಗೆ ಅದು ಲೆಕ್ಕ ಹಾಕಿ ಬದುಕುವ ಜೀವಿಯಾಗಿ ಕಾಣುತ್ತದೆ. ಅದಕ್ಕೆ ಬೇಕಾದದ್ದು ಸೀಲ್ ಅನ್ನುವ, ಮೈತುಂಬ ಕೊಬ್ಬಿರುವ ಕಡಲ ಪ್ರಾಣಿ. ಆಳದಲ್ಲಿ ಹೊಂಚು ಹಾಕಿ, ಕೆಳಗಿನಿಂದ ನೇರ ಮೇಲಕ್ಕೆ ನುಗ್ಗುತ್ತದೆ. ಆ ರಭಸಕ್ಕೆ ಕೆಲವೊಮ್ಮೆ ಇಡೀ ಮೈ ನೀರಿನಿಂದ ಹೊರಗೆ ಬರುತ್ತದೆ. ಮನುಷ್ಯನನ್ನು ಒಮ್ಮೆ ಕಚ್ಚಿ ಬಿಟ್ಟುಹೋಗುವುದೇ ಜಾಸ್ತಿ. ಆ ಒಂದು ಕಚ್ಚೂ ಜೀವ ತೆಗೆಯಬಹುದು, ಅದು ಬೇರೆ ಮಾತು.

ಅಂಜಿಕೆಯೂ ಅದಕ್ಕಿದೆ. 2017ರಲ್ಲಿ ದಕ್ಷಿಣ ಆಫ್ರಿಕಾದ ಗಾನ್ಸ್‌ಬಾಯ್ ತೀರಕ್ಕೆ ಸತ್ತ ಬಿಳಿ ಶಾರ್ಕ್‌ಗಳು ಬಂದು ಬಿದ್ದವು. ಹೊಟ್ಟೆಯೊಳಗಿನ ಲಿವರ್ ಮಾಯ! ಅದು ಓರ್ಕಾ ತಿಮಿಂಗಿಲಗಳ ಕೆಲಸ. ಶಾರ್ಕಿಗೆ ತೇಲಲು ಗಾಳಿಚೀಲ ಇಲ್ಲ, ಎಣ್ಣೆ ತುಂಬಿದ ಆ ದೊಡ್ಡ ಲಿವರೇ ಆಸರೆ. ಓರ್ಕಾಗಳಿಗೆ ಅದೇ ರುಚಿ. ಉಳಿದ ಶಾರ್ಕ್‌ಗಳು ಆ ಜಾಗ ಬಿಟ್ಟು ಓಡಿದವು. ಇದು ಸಮುದ್ರದ ರಾಜ ಅಂತೆ!

ಬೇಟೆಯಲ್ಲಿ ಚುರುಕಾದರೂ ಬೆಳೆಯುವುದರಲ್ಲಿ ಬಿಳಿ ಶಾರ್ಕ್ ಬಲು ನಿಧಾನ. ಹೆಣ್ಣು ಮರಿ ಹಾಕುವ ವಯಸ್ಸಿಗೆ ಬರಲು ಸುಮಾರು 33 ವರ್ಷ. ನಮ್ಮಲ್ಲಾದರೆ ಅಷ್ಟರೊಳಗೆ ನೆಂಟರು ಎಷ್ಟು ಮಾತಾಡುತ್ತಿದ್ದರೋ! ಬದುಕುವುದು 70 ವರ್ಷದವರೆಗೆ. ಹಾಗಾಗಿ ಒಂದು ಸತ್ತರೆ ಆ ಜಾಗ ತುಂಬುವುದು ಬೇಗ ಆಗುವ ಕೆಲಸವಲ್ಲ. ದಕ್ಷಿಣ ಆಫ್ರಿಕಾ 1991ರಲ್ಲೇ ಇದನ್ನು ಹಿಡಿಯಬಾರದೆಂದು ಕಾನೂನು ಮಾಡಿತು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅದರ ಮೂತಿ. ಅಲ್ಲಿ ಸೂಜಿ ಚುಚ್ಚಿದಂಥ ತೂತುಗಳಿವೆ, ಒಳಗೆ ಲೋಳೆ. ಎದುರಿನ ಪ್ರಾಣಿಯ ಮೈ ಕದಲಿದಾಗ, ಎದೆ ಬಡಿದಾಗ ಹುಟ್ಟುವ ಎಳೆಯಷ್ಟು ವಿದ್ಯುತ್ತೂ ಇವುಗಳಿಗೆ ತಿಳಿಯುತ್ತದೆ. ಇಟಲಿಯ ವೈದ್ಯ ಲೊರೆಂಜಿನಿ 1678ರಲ್ಲೇ ಇವುಗಳ ಬಗ್ಗೆ ಬರೆದಿದ್ದರು. ಏತಕ್ಕೆ ಇವೆ ಅಂತ ತಿಳಿದದ್ದು 20ನೇ ಶತಮಾನದಲ್ಲಿ.

ಮಾರ್ಕೆಟ್‌ನಲ್ಲಿ ಮೊಮ್ಮಗನಿಗೆ ಇದನ್ನು ಹೇಳುತ್ತಿದ್ದಂತೆ ಮಾವಶಿ ಮೋರಿಯ ಮೂತಿ ತಿರುಗಿಸಿ ಹಿಡಿದರು. ಅಲ್ಲೂ ಅದೇ ತೂತುಗಳು! ಮೊಮ್ಮಗ ಹತ್ತಿರ ಬಂದ. ಬೆರಳಿಟ್ಟು ಎಣಿಸತೊಡಗಿದ. ನಲವತ್ತಕ್ಕೆ ಲೆಕ್ಕ ತಪ್ಪಿತು, ಮತ್ತೆ ಒಂದರಿಂದ ಶುರು ಮಾಡಿದ.

ಮಾವಶಿ ಇಳಿಗೆ ಎಳೆದುಕೊಂಡು ನನ್ನ ಮುಖ ನೋಡಿದರು. "ಕೊಯ್ಲೇನ್ರಿ?"