ಎಸ್ಪೋಸಿತೊ ಎಂಬ ಅಡ್ಡಹೆಸರು

ಕೇಳುಗರೇ, ನಮಸ್ಕಾರ.

ಇಟಲಿಯ ನೇಪಲ್ಸ್ ನಗರದಲ್ಲಿ ಬಹಳ ಹೆಚ್ಚಾಗಿ ಕಾಣುವ ಅಡ್ಡಹೆಸರು ಎಸ್ಪೋಸಿತೊ. 1889ರಲ್ಲಿ ರಾಣಿ ಮಾರ್ಗೆರೀತಾಳಿಗೆ ಪಿಜ್ಜಾ ಮಾಡಿಕೊಟ್ಟನೆಂದು ಕಥೆಯಲ್ಲಿ ಬರುವ ರಫಾಯೆಲೆಯೂ ಎಸ್ಪೋಸಿತೊನೇ. ಲ್ಯಾಟಿನ್ ಮೂಲದ ಈ ಹೆಸರಿಗೆ ‘ಹೊರಗಿಟ್ಟದ್ದು’ ಎಂದರ್ಥ. ಹೊರಗಿಟ್ಟದ್ದು ಏನನ್ನು? ಹಸುಗೂಸನ್ನು.

ನೇಪಲ್ಸ್‌ನ ಅನುಂಜಿಯಾತಾ ಧರ್ಮಾಸ್ಪತ್ರೆಯ ಗೋಡೆಯಲ್ಲಿ ಮರದ ತಿರುಗುಗೂಡೊಂದಿತ್ತು. ಬೀದಿಯ ಕಡೆಯಿಂದ ಕೂಸನ್ನು ಅದರೊಳಗೆ ಮಲಗಿಸಿ ತಿರುಗಿಸಿದರೆ ಅದು ಒಳಗಿದ್ದವರ ಕೈಸೇರುತ್ತಿತ್ತು. ಇಟ್ಟವರ ಮುಖ ಯಾರಿಗೂ ಕಾಣುತ್ತಿರಲಿಲ್ಲ. ಬಡತನ, ಮದುವೆಯಿಲ್ಲದ ಬಸಿರು, ಊರಿನ ಬಾಯಿ, ಹೀಗೆ ಕಾರಣ ಯಾವುದೇ ಇರಲಿ, ಒಳಗಿನವರು ಕೇಳುತ್ತಿರಲಿಲ್ಲ. ದಾಖಲೆ ಪುಸ್ತಕದಲ್ಲಿ ಮಾತ್ರ ಬರೆದುಕೊಳ್ಳುತ್ತಿದ್ದರು. ಅಪ್ಪನ ಹೆಸರು ಗೊತ್ತಿಲ್ಲದ ಮಗುವಿಗೆ ಎಸ್ಪೋಸಿತೊ ಎಂದೇ ಹೆಸರು ಬೀಳುತ್ತಿತ್ತು.

ಪ್ರತಿ ಊರಿಗೂ ಇಂಥದ್ದೊಂದು ಹೆಸರಿತ್ತು. ರೋಮಿನಲ್ಲಿ ಪ್ರೊಯೆತ್ತಿ, ಅಂದರೆ ಎಸೆಯಲ್ಪಟ್ಟವರು. ನನ್ನ ಕಿವಿಗೆ ಇದೇ ಎಲ್ಲಕ್ಕಿಂತ ಕಠೋರ. ಫ್ಲಾರೆನ್ಸ್‌ನವರು ಸ್ವಲ್ಪ ಮೃದು. ಬ್ರುನೆಲೆಸ್ಕಿ ವಿನ್ಯಾಸ ಮಾಡಿದ, 1445ರಲ್ಲಿ ಬಾಗಿಲು ತೆರೆದ ಅವರ ಆಶ್ರಯಧಾಮದ ಹೆಸರೇ ‘ಮುಗ್ಧರ ಆಸ್ಪತ್ರೆ’. ಅಲ್ಲಿನ ಮಕ್ಕಳು ಇನ್ನೊಚೆಂತಿ ಎನಿಸಿಕೊಂಡರು. ಕೆಲವು ತಾಯಂದಿರು ಪದಕವೊಂದನ್ನು ಎರಡು ತುಂಡು ಮಾಡಿ ಅರ್ಧವನ್ನು ಕೂಸಿನ ಜೊತೆಗೆ ಇಡುತ್ತಿದ್ದರು. ಮುಂದೆಂದಾದರೂ ಕರೆದೊಯ್ಯಲು ಬಂದರೆ ಉಳಿದರ್ಧವೇ ಗುರುತು. ಅಂಥ ತುಂಡುಗಳನ್ನು ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ನೋಡಬಹುದು.

ಮಿಲಾನಿನಲ್ಲಿ ಆಸ್ಪತ್ರೆಯ ಲಾಂಛನ ಪಾರಿವಾಳ. ಹಾಗಾಗಿ ಅಲ್ಲಿನ ಮಕ್ಕಳು ಕೊಲೊಂಬೊ ಆದರು. ಹಾಗೆಂದು ಕೊಲೊಂಬೊಗಳೆಲ್ಲ ಅನಾಥರ ಸಂತತಿಯಲ್ಲ. ಸಮುದ್ರಯಾನಿ ಕೊಲಂಬಸ್‌ನದೂ ಇದೇ ಹೆಸರು. ಅವನು ಜಿನೋವಾದ ನೇಕಾರನ ಮಗ. ತಂದೆ ಯಾರೆಂದು ಊರಿಗೆಲ್ಲ ಗೊತ್ತಿತ್ತು.

ಹೆಸರಿನಿಂದಲೇ ಹುಟ್ಟು ಬಯಲಾಗುವುದು ಸರಿಯಲ್ಲವೆಂದು ಆಳುವವರಿಗೂ ಕೊನೆಗೆ ಅನ್ನಿಸಿತು. 1808ರಿಂದ 1815ರವರೆಗೆ ನೇಪಲ್ಸಿನ ದೊರೆಯಾಗಿದ್ದ ಜೋಕಿಂ ಮ್ಯುರಾ, ಇನ್ನು ಮುಂದೆ ಮಕ್ಕಳಿಗೆ ಎಸ್ಪೋಸಿತೊ ಎಂದು ಹೆಸರಿಡಕೂಡದೆಂದು ತಡೆದ. ಆಮೇಲೆ ಗುಮಾಸ್ತರು ಒಂದೊಂದು ಮಗುವಿಗೂ ಬೇರೆ ಬೇರೆ ಹೆಸರು ಕಟ್ಟತೊಡಗಿದರು. ತಿರುಗುಗೂಡು ಮಾತ್ರ 1875ರವರೆಗೂ ತಿರುಗುತ್ತಲೇ ಇತ್ತು.

ಇದರಿಂದ ಒಂದು ವಿಚಿತ್ರವಾಯಿತು. ಇಂದಿನ ಎಸ್ಪೋಸಿತೊ ಮನೆಯವರಿಗೆ ತಮ್ಮ ಮೂಲಪುರುಷ ಎಲ್ಲಿಂದ ಬಂದನೆಂದು ಊಹಿಸಲು ಹೆಸರೇ ಸಾಕು. ನಿಷೇಧದ ನಂತರ ಬಂದ ಮಕ್ಕಳ ಮರಿಮಕ್ಕಳಿಗೆ ಆ ಸುಳಿವೂ ಇಲ್ಲ. ಅವರು ಆಸ್ಪತ್ರೆಯ ಹಳೆಯ ದಾಖಲೆಗಳನ್ನೇ ತಿರುವಿ ನೋಡಬೇಕು.

ನಮಸ್ಕಾರ.