ಗುರಿ ಬರೆದ ಮೇಲೆ ಯೋಜನೆ ಎಲ್ಲಿಂದ ಶುರುವಾಗುತ್ತದೆ?

[ನಿರೂಪಕರು ಪರದೆಯ ಮೇಲೆ]

ನಮಸ್ಕಾರ. "ಗ್ರಾಹಕರ ದೂರುಗಳಿಗೆ ಬೇಗ ಸ್ಪಂದಿಸಬೇಕು" ಎಂಬ ಸಾಲು ಅನೇಕ ಸಂಸ್ಥೆಗಳ ವಾರ್ಷಿಕ ಯೋಜನೆಯಲ್ಲಿ ಕಾಣಸಿಗುತ್ತದೆ. ಸಭೆಯಲ್ಲಿ ಈ ಮಾತನ್ನು ಯಾರೂ ವಿರೋಧಿಸುವುದಿಲ್ಲ. ವಿರೋಧಿಸುವಂಥದ್ದು ಅದರಲ್ಲಿ ಏನೂ ಇಲ್ಲದಿರುವುದೇ ಅದರ ದೋಷ.

[ಪರದೆಯ ಮೇಲೆ: 72 ಗಂಟೆ → 24 ಗಂಟೆ]

ಇದನ್ನೇ "ಮಾರ್ಚ್ 31ರೊಳಗೆ ದೂರು ಇತ್ಯರ್ಥದ ಸರಾಸರಿ ಅವಧಿಯನ್ನು 72 ಗಂಟೆಯಿಂದ 24 ಗಂಟೆಗೆ ಇಳಿಸಬೇಕು, ಹೊಣೆ ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರದು" ಎಂದು ಬರೆದರೆ ಚರ್ಚೆ ಏಳುತ್ತದೆ, ಏಳಲೇಬೇಕು. ಗುರಿ ಹೇಗೆ ಬರೆಯಬೇಕೆಂದು ತಿಳಿಸಲು ನಿರ್ವಹಣಾ ಸಲಹೆಗಾರ ಜಾರ್ಜ್ ಡೊರಾನ್ 1981ರಲ್ಲಿ ಸೂಚಿಸಿದ 'ಸ್ಮಾರ್ಟ್' (SMART, ಐದು ಇಂಗ್ಲಿಷ್ ಪದಗಳ ಮೊದಲಕ್ಷರಗಳು) ಸೂತ್ರದ ಐದು ಅಂಶಗಳಲ್ಲಿ ಮೂರನೆಯದು, ಕೆಲಸವನ್ನು ಯಾರಿಗೆ ವಹಿಸಲಾಗಿದೆ ಎಂಬುದಾಗಿತ್ತು. ಮುಂದೆ ಸೂತ್ರ ಜನಪ್ರಿಯವಾದಂತೆ ಆ ಜಾಗಕ್ಕೆ 'ಸಾಧಿಸಬಹುದಾದದ್ದು' ಎಂಬ ಅಂಶ ಬಂದು ಕುಳಿತಿತು. ವಾಸ್ತವಿಕತೆಯ ಅಂಶ ಮೊದಲೇ ಅದರಲ್ಲಿ ಇದ್ದುದರಿಂದ, ಒಂದೇ ಮಾತನ್ನು ಎರಡು ಸಲ ಹೇಳಿ ಹೊಣೆಗಾರಿಕೆಯನ್ನು ಕೈಬಿಟ್ಟಂತಾಯಿತು.

"ಕೈಲಾದಷ್ಟು ಮಾಡಿ" ಎನ್ನುವುದಕ್ಕಿಂತ ಸ್ಪಷ್ಟವೂ ತುಸು ಕಠಿಣವೂ ಆದ ಗುರಿ ಉತ್ತಮ ಫಲ ಕೊಡುತ್ತದೆ ಎಂದು ಮನಶ್ಶಾಸ್ತ್ರಜ್ಞ ಎಡ್ವಿನ್ ಲಾಕ್ 1968ರಲ್ಲಿ ಪ್ರತಿಪಾದಿಸಿದರು. ಆದರೆ ಮಾಡುವವರು ಆ ಗುರಿಯನ್ನು ಒಪ್ಪಿರಬೇಕು, ಅವರಿಗೆ ಸಾಮರ್ಥ್ಯವಿರಬೇಕು, ಪ್ರಗತಿ ಅವರ ಕಣ್ಣಿಗೆ ಬೀಳುತ್ತಿರಬೇಕು.

[ಪರದೆಯ ಮೇಲೆ: ನಾಲ್ಕು ಹಂತಗಳ ಪಟ್ಟಿ]

ಇಷ್ಟಾದರೂ ನಮ್ಮ ಬಳಿ ಇರುವುದು ಗುರಿ ಮಾತ್ರ. ಯೋಜನೆ ಶುರುವಾಗುವುದು ಆ 72 ಗಂಟೆಗಳು ಎಲ್ಲಿ ಖರ್ಚಾಗುತ್ತಿವೆ ಎಂದು ಬಿಡಿಸಿ ನೋಡಿದಾಗ. ದೂರು ದಾಖಲಾಗಲು 4 ಗಂಟೆ, ಸಂಬಂಧಪಟ್ಟ ವಿಭಾಗಕ್ಕೆ ತಲುಪಲು 8, ಪರಿಶೀಲನೆಗೆ 12, ಹಣ ಮರುಪಾವತಿಗೆ ಮೇಲಧಿಕಾರಿಯ ಒಪ್ಪಿಗೆ ಸಿಗಲು 48 ಗಂಟೆ ಎಂದಿಟ್ಟುಕೊಳ್ಳೋಣ. ಹೀಗಿರುವಾಗ ಸಿಬ್ಬಂದಿಗೆ "ಚುರುಕಾಗಿ" ಎಂದು ಒತ್ತಾಯಿಸಿ ಪ್ರಯೋಜನವಿಲ್ಲ, ಏಕೆಂದರೆ ಮೂರನೇ ಎರಡರಷ್ಟು ಸಮಯ ಅವರ ಕೈಯಲ್ಲೇ ಇಲ್ಲ. ಸಣ್ಣ ಮೊತ್ತಗಳಿಗೆ ಒಪ್ಪಿಗೆಯ ಅಧಿಕಾರವನ್ನು ಕೆಳಹಂತಕ್ಕೆ ಕೊಡುವುದೇ ಇಲ್ಲಿ ಮಾಡಬೇಕಾದ ಮೊದಲ ಕೆಲಸ. ದೊಡ್ಡ ಮೊತ್ತದ ದೂರುಗಳು ಆಗಲೂ ಕಾಯುತ್ತಲೇ ಇರುವುದರಿಂದ, ಸರಾಸರಿ 24ಕ್ಕೆ ಇಳಿಯಬೇಕಾದರೆ ದೂರು ವಿಭಾಗಕ್ಕೆ ತಲುಪಲು ಹಿಡಿಯುವ 8 ಗಂಟೆಯನ್ನೂ ಕಡಿತಗೊಳಿಸಬೇಕಾಗುತ್ತದೆ.

ಈ ಬದಲಾವಣೆಗೆ ಎಷ್ಟು ಸಮಯ ಬೇಕು? ಯೋಜನೆ ರೂಪಿಸುವವರು ಅವಧಿಯನ್ನು ಕಡಿಮೆ ಅಂದಾಜಿಸುವ ಪ್ರವೃತ್ತಿಯನ್ನು ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಅಮೋಸ್ ಟ್ವೆರ್ಸ್ಕಿ 1979ರಲ್ಲೇ ಗುರುತಿಸಿದ್ದರು. ಹಿಂದೆ ಇಂಥದೇ ಬದಲಾವಣೆಗಳಿಗೆ ನಿಜವಾಗಿ ಎಷ್ಟು ತಿಂಗಳು ಹಿಡಿದಿತ್ತೆಂಬ ದಾಖಲೆಯನ್ನು ತೆಗೆದು ನೋಡುವುದು, ಹೊಸದಾಗಿ ಊಹಿಸುವುದಕ್ಕಿಂತ ಮೇಲು.

[ಪರದೆಯ ಮೇಲೆ: ಎರಡು ಅಂಕಿಗಳು ಅಕ್ಕಪಕ್ಕ]

ಇನ್ನೊಂದು ಅಪಾಯವಿದೆ. 24 ಗಂಟೆಯ ಒತ್ತಡ ಹೆಚ್ಚಾದಾಗ ದೂರು ಬಗೆಹರಿಯುವ ಮೊದಲೇ ಕಡತದಲ್ಲಿ ಮುಗಿದಿದೆ ಎಂದು ಬರೆಯುವುದು ಸುಲಭ. ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕು ಒಬ್ಬ ಗ್ರಾಹಕರಿಗೆ ಎಂಟು ಸೇವೆಗಳನ್ನು ಮಾರುವ ಗುರಿ ಇಟ್ಟುಕೊಂಡಿತ್ತು; ಟಾರ್ಗೆಟ್ ಒತ್ತಡದಲ್ಲಿದ್ದ ನೌಕರರು ಗ್ರಾಹಕರ ಒಪ್ಪಿಗೆಯಿಲ್ಲದೆ ಖಾತೆಗಳನ್ನು ತೆರೆದರು. 2016ರಲ್ಲಿ ಬ್ಯಾಂಕಿಗೆ 18.5 ಕೋಟಿ ಡಾಲರ್ ದಂಡ ಬಿತ್ತು, ಸುಮಾರು 5,300 ನೌಕರರನ್ನು ವಜಾ ಮಾಡಲಾಗಿದ್ದ ಸಂಗತಿಯೂ ಹೊರಬಂತು. ನನ್ನ ದೃಷ್ಟಿಯಲ್ಲಿ ಇದನ್ನು ಕೇವಲ ನೌಕರರ ಅಪ್ರಾಮಾಣಿಕತೆ ಎಂದು ತಳ್ಳಿಹಾಕುವುದು ಗುರಿ ನಿಗದಿ ಮಾಡಿದವರಿಗೆ ತೋರುವ ಅನಗತ್ಯ ರಿಯಾಯಿತಿ. ಆದ್ದರಿಂದ ಸರಾಸರಿ ಅವಧಿಯ ಪಕ್ಕದಲ್ಲೇ, ಮುಗಿದ ಮೇಲೆ ಮತ್ತೆ ತೆರೆದ ದೂರುಗಳ ಸಂಖ್ಯೆಯನ್ನೂ ಅಳೆಯಬೇಕು. ಮೊದಲನೆಯದು ಇಳಿದು ಎರಡನೆಯದು ಏರುತ್ತಿದ್ದರೆ, ಆ ಗುರಿ ಈಡೇರಿದೆ ಎಂದು ವರದಿಯಲ್ಲಿ ಬರೆಯುವಂತಿಲ್ಲ.

ಇನ್ನು ಪರಿಶೀಲನಾ ಸಭೆ. ಅಲ್ಲಿ ಅಂಕಿಗಳಿಗಿಂತ ಮೊದಲು ಯೋಜನೆ ನಂಬಿಕೊಂಡಿದ್ದ ಊಹೆಗಳನ್ನು ಕೈಗೆತ್ತಿಕೊಳ್ಳಿ. ದೂರುಗಳಲ್ಲಿ ಹೆಚ್ಚಿನವು ಸಣ್ಣ ಮೊತ್ತದವು ಎಂಬ ಊಹೆ ಸುಳ್ಳಾಗಿದ್ದರೆ, ಸಿಬ್ಬಂದಿಯನ್ನು ದೂರದೆ ಒಪ್ಪಿಗೆಯ ಮಿತಿಯನ್ನು ಅದೇ ಸಭೆಯಲ್ಲಿ ಪರಿಷ್ಕರಿಸಬಹುದು.