ಹುಲಿಗಿಲ್ಲದ ಚಿಂತೆ ನಮ್ಮ ಕ್ಯಾಮೊ ಜಾಕೆಟ್‌ಗೆ ಯಾಕೆ?

ನಮಸ್ಕಾರ. ಇವತ್ತು ಬಟ್ಟೆ ಒಗೆಯುವ ವಿಷಯ. ನಗಬೇಡಿ, ಸ್ವಲ್ಪ ಕೇಳಿ.

ಈಗ ಕೊಡಗಿನಲ್ಲಿ ದೊಡ್ಡ ಲೆನ್ಸ್ ಹಿಡಿದವರು ಎಲ್ಲೇ ಕಂಡರೂ ಮೈಮೇಲೆ ಮಿಲಿಟರಿ ಡಿಸೈನ್ ಜಾಕೆಟ್ ಇದ್ದೇ ಇರುತ್ತದೆ. ಎಲೆ, ತೊಗಟೆ, ಒಣಹುಲ್ಲು ಎಲ್ಲ ಪ್ರಿಂಟ್ ಆಗಿರುವ, ಹಾಕಿದವರು ಕಾಡಿನಲ್ಲಿ ಕಣ್ಣಿಗೆ ಬೀಳದಂತೆ ಮಾಡುವ ಕ್ಯಾಮೊ ಜಾಕೆಟ್. ಸಾವಿರಾರು ರೂಪಾಯಿ. ಅದನ್ನು ಮನೆಗೆ ತಂದು ಏನು ಮಾಡುತ್ತೇವೆ? ಬಿಳಿ ಪಂಚೆ, ಮಕ್ಕಳ ಯೂನಿಫಾರಂ ಜೊತೆ ಅದೇ ಬಕೆಟ್ಟು, ಅದೇ ಸೋಪಿನ ಪುಡಿ. ಕೊನೆಗೆ ಘಮಘಮ ಅನ್ನಲಿ ಅಂತ ಒಂದು ಮುಚ್ಚಳ ಕಂಡೀಷನರ್. ಅಲ್ಲಿಗೆ ಆ ಜಾಕೆಟ್‌ನ ಕೆಲಸ ಮುಗಿಯಿತು ಅಂತ ನನ್ನ ವಾದ.

ಈ ಬಟ್ಟೆ ಹುಟ್ಟಿದ್ದು ಸೈನಿಕರಿಗೆ, ಆಮೇಲೆ ಬೇಟೆಗಾರರಿಗೆ. ಅಮೆರಿಕದಲ್ಲಿ ಇವತ್ತಿಗೂ ಜಿಂಕೆ ಬೇಟೆಗೆ ಇದೇ ಬಟ್ಟೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ಅಪರಾಧ. ಕೊಡವರ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್‌ಗೆ ಕೋವಿಗೆ ತೋಕ್ ಪೂ, ಅಂದರೆ ಕೋವಿ ಹೂ, ಇಟ್ಟು ಪೂಜೆ ಮಾಡುತ್ತೇವೆ, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುತ್ತೇವೆ. ಅದಕ್ಕೂ ಕೆಲವರು ಕ್ಯಾಮೊ ಹಾಕಿಕೊಂಡು ಬರುತ್ತಾರೆ. ತೆಂಗಿನಕಾಯಿ ನಿಮ್ಮನ್ನು ನೋಡಿ ಓಡಲ್ಲ ಮಾರಾಯ್ರೆ! ಹಾಗಾಗಿ ನಾನು ಮಾತಾಡುತ್ತಿರುವುದು ಫೋಟೋ ತೆಗೆಯುವವರ, ಹಕ್ಕಿ ನೋಡುವವರ ಬಟ್ಟೆಯ ಬಗ್ಗೆ.

ನಾಗರಹೊಳೆಯ ಹುಲಿಯನ್ನೇ ತಗೊಳ್ಳಿ. ನಮ್ಮ ಕಣ್ಣಿಗೆ ಅದು ಎದ್ದು ಕಾಣುವ ಕೇಸರಿ. ಹಸಿರು ಕಾಡಿನಲ್ಲಿ ಕೇಸರಿ ಬಣ್ಣದ ಬೇಟೆಗಾರ! ಆದರೂ ಜಿಂಕೆಯ ಹತ್ತಿರದ ತನಕ ಹೋಗುತ್ತದೆ. ಯಾಕೆಂದರೆ ಬಣ್ಣ ಗುರುತಿಸಲು ನಮ್ಮ ಕಣ್ಣಿನಲ್ಲಿ ಮೂರು ಬಗೆಯ ಕೋಶಗಳಿವೆ, ಜಿಂಕೆಗೆ ಎರಡೇ. ಕೆಂಪು, ಕೇಸರಿ ಅದಕ್ಕೆ ಬೇರೆಯಾಗಿ ಕಾಣಲ್ಲ, ಹಸಿರಿನ ಜೊತೆ ಬೆರೆತು ಹೋಗುತ್ತದೆ. ಅಮೆರಿಕದ ಬೇಟೆಗಾರರು ಕ್ಯಾಮೊ ಮೇಲೆ ಕಣ್ಣು ಕುಕ್ಕುವ ಕೇಸರಿ ಜಾಕೆಟ್ ಹಾಕುವುದೂ ಈ ಧೈರ್ಯದ ಮೇಲೆ. ಜೊತೆಗಾರನಿಗೆ ಕಾಣುತ್ತದೆ, ಜಿಂಕೆಗೆ ಕಾಣಲ್ಲ.

ಆದರೆ ನೀಲಿ? ನೀಲಿಯನ್ನು ಜಿಂಕೆ ಚೆನ್ನಾಗಿ ನೋಡುತ್ತದೆ. ನೇರಳಾತೀತ ಬೆಳಕು, ಅಂದರೆ ಯುವಿ, ನಮ್ಮ ಕಣ್ಣಿನ ಮಸೂರದಲ್ಲೇ ತಡೆದು ನಿಲ್ಲುತ್ತದೆ. ಜಿಂಕೆಯ ಕಣ್ಣಿನಲ್ಲಿ ಆ ತಡೆ ಇಲ್ಲ. ಬಹಳಷ್ಟು ಹಕ್ಕಿಗಳಂತೂ ಯುವಿಯನ್ನು ಒಂದು ಬಣ್ಣವಾಗಿಯೇ ನೋಡುತ್ತವೆ.

ಈಗ ಸೋಪಿನ ಪುಡಿಗೆ ಬರೋಣ. ‘ಹೊಸದರಂಥ ಬಿಳುಪು’ ಅಂತ ಜಾಹೀರಾತು ಬರುತ್ತದಲ್ಲ, ಅದರ ಹಿಂದಿರುವುದು ಆಪ್ಟಿಕಲ್ ಬ್ರೈಟನರ್ ಎಂಬ ರಾಸಾಯನಿಕ. ಅದು ಕೊಳೆ ತೆಗೆಯಲ್ಲ. ನೂಲಿಗೆ ಅಂಟಿಕೊಂಡು ಕೂರುತ್ತದೆ. ಬಿಸಿಲಿನ ಯುವಿಯನ್ನು ಹೀರಿ ನೀಲಿ ಬೆಳಕಾಗಿ ವಾಪಸ್ ಬಿಡುತ್ತದೆ. ಬಟ್ಟೆಯ ಹಳದಿ ಮುಚ್ಚಿಹೋಗಿ ಬಿಳಿ ಜಾಸ್ತಿ ಕಾಣುತ್ತದೆ. ಅಜ್ಜಿ ಬಿಳಿ ಸೀರೆಗೆ ನೀಲಿ ಹಾಕುತ್ತಿದ್ದದ್ದೂ ಇದೇ ಉದ್ದೇಶಕ್ಕೆ. ಪಂಚೆಗೆ ಒಳ್ಳೆಯದೇ. ಕ್ಯಾಮೊಗೆ ಹಾಕಿದರೆ? ಎಲೆಯ ಚಿತ್ರ ಇರುವ ಜಾಕೆಟ್ಟು ನೀಲಿ ಹೊಳಪು ಬೀರುತ್ತಾ ಮರದ ಕೆಳಗೆ ಕೂರುತ್ತದೆ. ಬೆಳಗಿನ ಜಾವ, ಮುಸ್ಸಂಜೆಯ ಬೆಳಕಲ್ಲಿ ನೀಲಿಯ ಪಾಲು ಜಾಸ್ತಿ. ನಾವು ಹಕ್ಕಿ, ಪ್ರಾಣಿ ಕಾಯುತ್ತಾ ಕೂರುವುದೂ ಅದೇ ಹೊತ್ತಿನಲ್ಲಿ.

ಸುಮ್ನೆ ಹೇಳುತ್ತಿದ್ದೇನೆ ಅನಿಸಿದರೆ ನೋಟು ಪರೀಕ್ಷೆ ಮಾಡುವ ಯುವಿ ಟಾರ್ಚ್ ತಗೊಳ್ಳಿ. ದುಬಾರಿ ಏನಲ್ಲ. ರಾತ್ರಿ ಲೈಟ್ ಆರಿಸಿ ಜಾಕೆಟ್ ಮೇಲೆ ಬಿಡಿ. ನೀಲಿಯಾಗಿ ಹೊಳೆದರೆ ಬ್ರೈಟನರ್ ಇದೆ ಅಂತ ಅರ್ಥ. ಹತ್ತಿಯ ಬಟ್ಟೆಯಲ್ಲಿ ಇದು ಜಾಸ್ತಿ ಹಿಡಿಯುತ್ತದೆ, ಪಾಲಿಯೆಸ್ಟರ್‌ನಲ್ಲಿ ಕಡಿಮೆ. ಜಿಗಣೆ ಹತ್ತದಂತೆ ಹಾಕುವ ಸಾಕ್ಸ್ ಮೇಲೂ ಟಾರ್ಚ್ ಬಿಟ್ಟು ನೋಡಿ. ದಪ್ಪ ಹತ್ತಿಯದ್ದು, ತಿಳಿ ಬಣ್ಣದ್ದು, ಪ್ರತಿ ಸಲ ಉಜ್ಜಿ ಒಗೆದದ್ದು. ಮೇಲೆಲ್ಲ ಕಾಡು, ಕಾಲಲ್ಲಿ ಟ್ಯೂಬ್‌ಲೈಟ್!

ಇದಕ್ಕೆ ವಿದೇಶದಲ್ಲಿ ವಿಶೇಷ ಲಿಕ್ವಿಡ್‌ಗಳಿವೆ. ಯುವಿ ಹೊಳಪು ಕೊಲ್ಲುವುದು, ವಾಸನೆ ಕೊಲ್ಲುವುದು, ಹೀಗೆ ಬಾಟಲಿಗೊಂದು ಹೆಸರು. ತರಿಸಿಕೊಳ್ಳುವವರು ತರಿಸಿಕೊಳ್ಳಲಿ. ನನಗೆ ಅದು ದುಡ್ಡು ದಂಡ ಅನಿಸುತ್ತದೆ. ನಮ್ಮ ಅಂಟುವಾಳ ಕಾಯಿ ಇದೆಯಲ್ಲ? ಬೀಜ ತೆಗೆದು, ಸಿಪ್ಪೆಯನ್ನು ರಾತ್ರಿ ನೆನೆಸಿ, ಬೆಳಗ್ಗೆ ಸ್ವಲ್ಪ ಕುದಿಸಿ ಸೋಸಿದರೆ ಮುಗಿಯಿತು. ನೊರೆ ಕಡಿಮೆ, ಆದರೆ ಕೊಳೆ ಬಿಡಿಸುತ್ತದೆ. ಬ್ರೈಟನರ್ ಇಲ್ಲ, ಸೆಂಟ್ ಇಲ್ಲ. ಅಷ್ಟು ತಾಳ್ಮೆ ಇಲ್ಲ ಅಂದರೆ ಸೆಂಟ್ ಹಾಕದ ಯಾವುದಾದರೂ ಲಿಕ್ವಿಡ್ ತಂದು, ಒಂದು ಹನಿ ಸ್ಟೀಲ್ ತಟ್ಟೆಗೆ ಬಿಟ್ಟು ಅದೇ ಟಾರ್ಚ್ ಹಿಡಿಯಿರಿ. ಹೊಳೆಯದಿದ್ದರೆ ಬಳಸಿ. ಈಗಾಗಲೇ ಬ್ರೈಟನರ್ ಹಿಡಿದ ಬಟ್ಟೆ ಒಂದೇ ಒಗೆತಕ್ಕೆ ಸರಿಯಾಗಲ್ಲ, ಒಗೆದ ಹಾಗೆ ನಿಧಾನವಾಗಿ ಕಡಿಮೆಯಾಗುತ್ತದೆ. ಬ್ರಷ್ ಹಾಕಿ ತಿಕ್ಕಬೇಡಿ, ಕಲ್ಲಿಗೆ ಬಡಿಯಲೇ ಬೇಡಿ. ಪ್ರಿಂಟ್ ಸವೆದುಹೋಗುತ್ತದೆ. ಒಳಮೈ ಹೊರಗೆ ಮಾಡಿ, ತಣ್ಣೀರಲ್ಲಿ ಒಗೆದು, ನೆರಳಲ್ಲಿ ಹಾಕಿ.

ಕಂಡೀಷನರ್ ಬಗ್ಗೆ ನನಗೆ ನಿಜವಾಗಿಯೂ ಸಿಟ್ಟಿದೆ. ಅದು ನೂಲಿನ ಮೇಲೆ ಜಿಡ್ಡಿನ ಪದರದಂತೆ ಕೂರುತ್ತದೆ. ಬೆವರು ಹೀರುವ ಬಟ್ಟೆ ಹೀರಲ್ಲ. ಮಳೆ ಜಾಕೆಟ್ ಮೇಲೆ ನೀರು ಮುತ್ತಾಗಿ ಜಾರುತ್ತಿದ್ದದ್ದು ಜಾರಲ್ಲ, ನೆನೆಯುತ್ತದೆ. ಜೊತೆಗೆ ಮಲ್ಲಿಗೆಯ ವಾಸನೆ. ಆಫ್ರಿಕಾದ ಆನೆಯಲ್ಲಿ ವಾಸನೆ ಹಿಡಿಯುವ ಜೀನ್‌ಗಳೇ ಸುಮಾರು 2000 ಇವೆ ಅಂತ 2014ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ನಾಯಿಗಿಂತ ಎರಡು ಪಟ್ಟು. ನಮ್ಮ ಆನೆಗಳ ಮೂಗೂ ಏನು ಕಡಿಮೆಯದ್ದಲ್ಲ. ಅಂಥ ಮೂಗಿನ ಎದುರು ಮಲ್ಲಿಗೆ ಜಾಕೆಟ್ ಹಾಕಿ ಅಡಗಿ ಕೂರುತ್ತೀರಾ? ಅಂಟುವಾಳದಲ್ಲಿ ಒಗೆದರೂ ನಿಮ್ಮ ಬೆವರಿನ ವಾಸನೆ ಹೋಗಲ್ಲ, ಅದು ಗೊತ್ತಿರಲಿ. ಗಾಳಿ ನಿಮ್ಮ ಕಡೆಯಿಂದ ಬೀಸಿದರೆ ಯಾವ ಸೋಪೂ ಕಾಪಾಡಲ್ಲ.

ಇದೆಲ್ಲ ಸುಲಭದ ಭಾಗ. ಕಷ್ಟ ಇರುವುದು ಒಣಗಿಸುವುದರಲ್ಲಿ. ಜುಲೈನಲ್ಲಿ ಭಾಗಮಂಡಲದ ಕಡೆ ಜಾಕೆಟ್ ಒಗೆದು ನೋಡಿ! ಜಡಿಮಳೆಯ ಕಕ್ಕಡ ತಿಂಗಳಲ್ಲಿ ಬಿಸಿಲನ್ನು ನಂಬಿ ಬಟ್ಟೆ ನೆನೆಸುವವನು ಕೊಡಗಿನವನೇ ಅಲ್ಲ. ತಂತಿ ಮೇಲೆ ಹಾಕಿದ್ದು ಒದ್ದೆಯಾಗೇ ಇರುತ್ತದೆ, ಆಮೇಲೆ ಮುಗ್ಗಲು ವಾಸನೆ, ಆಮೇಲೆ ಕಪ್ಪು ಚುಕ್ಕೆ. ಬೂಷ್ಟು ಹಿಡಿಯಿತು ಅಂತ ಬ್ಲೀಚ್ ಹಾಕಿದರೆ ಚುಕ್ಕೆಯ ಜೊತೆ ಬಣ್ಣವೂ ಹೋಗುತ್ತದೆ. ವಿನಿಗರ್ ಬೆರೆಸಿದ ನೀರಲ್ಲಿ ನೆನೆಸಿ ಒಗೆದು ನೋಡಿ, ವಾಸನೆ ಬಹುಪಾಲು ಹೋಗುತ್ತದೆ. ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸುವುದು ನಮ್ಮ ಹಳೆಯ ದಾರಿ. ಹತ್ತಿ ಬಟ್ಟೆಗೆ ನಾನೂ ಅದನ್ನೇ ಮಾಡುತ್ತೇನೆ. ಹೊಗೆ ವಾಸನೆ ಬರುತ್ತದೆ, ನಿಜ. ಆದರೆ ತೋಟದ ಕೆಲಸಗಾರರ ಪ್ರತಿ ಲೈನ್ ಮನೆಯಿಂದಲೂ ಸೌದೆ ಹೊಗೆ ಏಳುವ ಊರಿದು. ಆ ವಾಸನೆ ಇಲ್ಲಿನ ಪ್ರಾಣಿಗಳಿಗೆ ಹೊಸದಲ್ಲ. ಮಳೆ ಜಾಕೆಟ್ ಮಾತ್ರ ಒಲೆ ಹತ್ತಿರ ಬೇಡ, ಕರಗಿಬಿಡುತ್ತದೆ.

ಎತ್ತಿಡುವಾಗ ನುಸಿಗುಳಿಗೆ ಹಾಕಬೇಡಿ. ಆ ವಾಸನೆ ವರ್ಷ ಕಳೆದರೂ ಬಿಡಲ್ಲ. ಪೂರ್ತಿ ಒಣಗಿದ್ದನ್ನು ಮುಚ್ಚಳ ಇರುವ ಡಬ್ಬಿಯಲ್ಲಿಟ್ಟರೆ ಸಾಕು.

ಇನ್ನೊಂದು ಮಾತು. ಮನೆಗೊಬ್ಬ ಮಿಲಿಟರಿಯವರಿರುವ ಜಿಲ್ಲೆ ನಮ್ಮದು. ಸೇನೆ ತನ್ನ ಹೊಸ ಡಿಸೈನ್ ಸಮವಸ್ತ್ರವನ್ನು 2022ರ ಜನವರಿ 15ರಂದು, ಸೇನಾ ದಿನಕ್ಕೆ ತೋರಿಸಿತು. ಅದೇ ಡಿಸೈನ್ ನಕಲು ಬಟ್ಟೆ ಹಾಕಿ ಮಡಿಕೇರಿ ಪೇಟೆಯಲ್ಲಿ ತಿರುಗಬೇಡಿ. ಎಲೆ ಪ್ರಿಂಟಿನದ್ದು ಬೇಕಾದಷ್ಟು ಸಿಗುತ್ತದೆ.

ಮತ್ತೆ ಸಿದ್ದಾಪುರ, ತಿತಿಮತಿ ಕಡೆಯ ತೋಟದವರಿಗೆ. ಬೆಳಗ್ಗೆ ಕೆಲಸಕ್ಕೆ ಹೊರಟಾಗ ಅಗ್ಗಕ್ಕೆ ಸಿಕ್ಕಿತು ಅಂತ ಕ್ಯಾಮೊ ಪ್ಯಾಂಟ್, ಕ್ಯಾಮೊ ಟೋಪಿ ಬೇಡವೇ ಬೇಡ. ಕಾಫಿ ಗಿಡಗಳ ಮಧ್ಯೆ ಆನೆ ನಿಂತಿರುವ ದಿನ ನಿಮ್ಮನ್ನು ಜೊತೆಯವರು ದೂರದಿಂದಲೇ ಗುರುತಿಸಬೇಕು. ಕಾಡುಹಂದಿ ಓಡಿಸಲು ಕೋವಿ ಹಿಡಿದು ಕೂತವನಿಗಂತೂ ಇನ್ನೂ ಚೆನ್ನಾಗಿ ಕಾಣಬೇಕು. ಅಲ್ಲಿಗೆ ಬಿಳಿ ಅಂಗಿ ಹಾಕಿ, ಎಷ್ಟು ಬ್ರೈಟನರ್ ಇರುವ ಪುಡಿಯಲ್ಲಿ ಬೇಕಾದರೂ ಒಗೆಯಿರಿ, ಜೋರಾಗಿ ಮಾತಾಡುತ್ತಾ ಹೋಗಿ.